ಪರಿಹಾರ ಬಂತು, ಮೊಕದ್ದಮೆ ಬರಲಿಲ್ಲ

ನಂಜನಗೂಡು, ಹದಿನಾರು, ತಿ. ನರಸೀಪುರ ಸೀಮೆಯಿಂದ ಮಾದಪ್ಪನ ಬೆಟ್ಟಕ್ಕೆ ಹೊರಡುವ ಭಕ್ತರು ಕೊಳ್ಳೇಗಾಲ ದಾಟಿ ಕಾಡಿನ ತಿರುವುಗಳನ್ನು ಏರುತ್ತಾರೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಈ ಹಾದಿಯೆಲ್ಲ ಮೈಸೂರು ಜಿಲ್ಲೆಗೇ ಸೇರಿತ್ತು. ವೀರಪ್ಪನ್ ಬೇಟೆಗೆ ನಿಯೋಜಿತವಾಗಿದ್ದ ವಿಶೇಷ ಕಾರ್ಯಪಡೆ ಬೀಡುಬಿಟ್ಟಿದ್ದೂ ಆ ಬೆಟ್ಟದಲ್ಲಿಯೇ. ಹಳ್ಳಿಗರನ್ನು ವಿಚಾರಣೆಗೆಂದು ಒಯ್ಯುತ್ತಿದ್ದ ಅಲ್ಲಿನ ತಾಣಕ್ಕೆ 'ವರ್ಕ್‌ಶಾಪ್' ಎಂಬ ಹೆಸರಿತ್ತು. ಅಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಬದುಕುಳಿದವರು ನಂತರ ಸಾಕ್ಷ್ಯವಾಗಿ ನುಡಿದರು.

ಪೊಲೀಸರೂ ತಮ್ಮವರನ್ನು ಕಳೆದುಕೊಂಡಿದ್ದರು. 1992ರ ಆಗಸ್ಟ್ 14ರಂದು ಎಸ್‌ಪಿ ಹರಿಕೃಷ್ಣ ಹಾಗೂ ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಹತರಾದರು. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ 22 ಮಂದಿ ಸತ್ತರು. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ, ಟಾಡಾ ಬಂದಿಗಳನ್ನು ಬಿಡಲು ಸರ್ಕಾರ ಮುಂದಾಯಿತು. ಶಕೀಲ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೊರೆಹೊಕ್ಕು ಅದನ್ನು ತಡೆದರು. ಮಗನನ್ನು ಕಳೆದುಕೊಂಡ ತಂದೆಯೊಬ್ಬನ ಮಾತನ್ನು ನ್ಯಾಯಾಲಯ ಆಲಿಸಿದ ಉದಾಹರಣೆಯಿದು. ಆದರೆ ಆ ಬಂದಿಗಳ ಪೈಕಿ ನೂರಕ್ಕೂ ಹೆಚ್ಚು ಮಂದಿಯನ್ನು ಮೈಸೂರಿನ ಟಾಡಾ ನ್ಯಾಯಾಲಯವೇ 2001ರಲ್ಲಿ ಖುಲಾಸೆ ಮಾಡಿತೆಂಬುದನ್ನೂ ಮರೆಯುವಂತಿಲ್ಲ.

ಕಾರ್ಯಪಡೆಯ ಗುಂಡಿಗೆ ಪತಿಯನ್ನೋ ಮಗನನ್ನೋ ಕಳೆದುಕೊಂಡ ಕಾಡಂಚಿನ ಹೆಂಗಸಿಗೆ ಅಂತಹ ಬಾಗಿಲು ತೆರೆಯಲಿಲ್ಲ. ಕಾರಣ ದೆಹಲಿಯ ದೂರವಷ್ಟೇ ಅಲ್ಲ. 'ಎನ್‌ಕೌಂಟರ್' ನಡೆದೊಡನೆ ಠಾಣೆಯಲ್ಲಿ ದಾಖಲಾಗುವ ಮೊಕದ್ದಮೆಯ ಸ್ವರೂಪವೇ ವಿಚಿತ್ರ. ಅದರಲ್ಲಿ ಸತ್ತವನೇ ಆರೋಪಿ, ಗುಂಡು ಹಾರಿಸಿದ ಪಕ್ಷವೇ ಫಿರ್ಯಾದಿ. ಪೊಲೀಸರ ಕೊಲೆಗೆ ಯತ್ನಿಸಿದನೆಂಬುದು ಆಪಾದನೆ. ಆರೋಪಿ ಮೃತನಾದ್ದರಿಂದ ಕಡತ ಮುಚ್ಚಲ್ಪಡುತ್ತದೆ. ಸಾವಿನ ಬಗ್ಗೆ ಕೊಲೆಯ ದೂರು ಹುಟ್ಟುವುದೇ ಇಲ್ಲ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಹಾಗೂ ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. 2003ರಲ್ಲಿ ವರದಿ ಸಲ್ಲಿಕೆಯಾಯಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂ. ಮಧ್ಯಂತರ ಪರಿಹಾರ ನೀಡಬೇಕೆಂದು ಆಯೋಗ ಶಿಫಾರಸು ಮಾಡಿತು. ತಲೆಗೆ ಸರಾಸರಿ ಮೂರು ಲಕ್ಷಕ್ಕೆ ತುಸು ಹೆಚ್ಚು. 2004ರಲ್ಲಿ ವೀರಪ್ಪನ್ ಹತನಾದ ಕೂಡಲೇ ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯ ಸಿಬ್ಬಂದಿಗೆ ಘೋಷಿಸಿದ ನಗದು ಬಹುಮಾನವೂ ತಲಾ ಮೂರು ಲಕ್ಷವೇ. ಬಡ್ತಿ, ನಿವೇಶನ ಬೇರೆ. ಸದಾಶಿವ ಸಮಿತಿಯ ವರದಿಯ ಆಧಾರದಿಂದ ಯಾವ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ. ಆಯೋಗಕ್ಕೆ ಶಿಫಾರಸು ಮಾಡುವ ಅಧಿಕಾರವುಂಟೇ ಹೊರತು ದಂಡಿಸುವ ಅಧಿಕಾರವಿಲ್ಲ.

ಅದೇ ಬೆಟ್ಟಸಾಲಿನ ಆಚೆ, ಧರ್ಮಪುರಿ ಜಿಲ್ಲೆಯ ವಾಚಾತಿಯ ಕಥೆ ಬೇರೆ. ಶ್ರೀಗಂಧದ ಶೋಧದ ನೆಪದಲ್ಲಿ 1992ರ ಜೂನ್‌ನಲ್ಲಿ ಅರಣ್ಯ, ಪೊಲೀಸ್ ಹಾಗೂ ಕಂದಾಯ ಸಿಬ್ಬಂದಿ ಆ ಬುಡಕಟ್ಟು ಹಳ್ಳಿಯ ಮೇಲೆ ಎರಗಿ 18 ಮಹಿಳೆಯರ ಮೇಲೆ ಅತ್ಯಾಚಾರ ಎಸಗಿದ ಪ್ರಕರಣವದು. ಮದ್ರಾಸ್ ಹೈಕೋರ್ಟ್ ತನಿಖೆಯನ್ನು ಸ್ಥಳೀಯ ಪೊಲೀಸರಿಂದ ಕಿತ್ತು ಸಿಬಿಐಗೆ ವಹಿಸಿತು. 269 ಆರೋಪಿಗಳ ಪೈಕಿ ಬದುಕಿದ್ದ 215 ಮಂದಿಯೂ 2011ರಲ್ಲಿ ದೋಷಿಗಳೆನಿಸಿದರು. 2023ರಲ್ಲಿ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಎರಡು ದಶಕಗಳೇ ಹಿಡಿದರೂ ಅಲ್ಲಿ ಒಂದು ಮೊಕದ್ದಮೆ ಇತ್ತು. ಇಲ್ಲಿ ಇದ್ದದ್ದು ವರದಿ.

ಕಾನೂನು ಅಂದಿನಂತಿಲ್ಲ ಎಂಬುದು ನಿಜ. 2014ರ ಪಿಯುಸಿಎಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ಗುಂಡಿನಿಂದಾದ ಸಾವಿಗೆ ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಮೃತರ ಬಂಧುಗಳಿಗೆ ಮಾಹಿತಿ ಇವೆಲ್ಲವನ್ನೂ ಕಡ್ಡಾಯಗೊಳಿಸಿತು. ಅಧಿಕಾರಿಗಳ ವಿರುದ್ಧದ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕಾದಲ್ಲಿ ವರ್ಷಗಟ್ಟಲೆ ಕಾಯುವ ಪರಿಪಾಠಕ್ಕೂ ಕಡಿವಾಣ ಬಿದ್ದಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನಂತೆ, 120 ದಿನಗಳಲ್ಲಿ ತೀರ್ಮಾನವಾಗದಿದ್ದರೆ ಅನುಮತಿ ದೊರೆತಂತೆಯೇ ಲೆಕ್ಕ.

ಆದರೂ ಮೊದಲ ಹೆಜ್ಜೆ ಬಂಧುಗಳದ್ದೇ, ಅದಕ್ಕಿರುವ ಕಾಲಾವಕಾಶವೂ ಅಲ್ಪ. ಘಟನೆಯಾಗಿ ಒಂದು ವರ್ಷ ಕಳೆದರೆ ಮಾನವ ಹಕ್ಕುಗಳ ಆಯೋಗ ವಿಚಾರಣೆ ನಡೆಸುವಂತಿಲ್ಲ. ಊರ ಬೀದಿಯಲ್ಲಿ ಪೊಲೀಸ್ ಜೀಪು ಓಡಾಡುತ್ತಿರುವಾಗ ದೂರು ಬರೆಯುವ ಧೈರ್ಯ ಬರುವಷ್ಟರಲ್ಲಿ ಆ ವರ್ಷ ಮುಗಿದಿರುತ್ತದೆ. ಸುಪ್ರೀಂ ಕೋರ್ಟ್ ವಿಧಿಸಿದ ಕ್ರಮ ಪಾಲನೆಯಾಗಿಲ್ಲವೆಂದು ಕಂಡರೆ ಕುಟುಂಬದವರು ಆ ಪ್ರದೇಶದ ಸೆಷನ್ಸ್ ನ್ಯಾಯಾಧೀಶರಿಗೇ ದೂರು ಕೊಡಬಹುದೆಂದು ಅದೇ ತೀರ್ಪು ಹೇಳುತ್ತದೆ. ಹಾಗೆಂದು ಗುಂಡೇಟಿನ ನಂತರ ಮನೆಬಾಗಿಲಿಗೆ ಬಂದು ತಿಳಿಸಬೇಕಾದವರು ಆ ಪೊಲೀಸರೇ.