ವಂಶವಾಹಿಯೂ ಕಿಟಕಿಯೂ

ಮುಂಡಗೋಡಿನ ಟಿಬೆಟನ್ ಕಾಲೊನಿಯನ್ನು ನೋಡಬಂದವರು ಡ್ರೆಪುಂಗ್, ಗಾಂಡೆನ್ ವಿಹಾರಗಳ ಸುವರ್ಣಶಿಖರಗಳನ್ನು ಕಂಡು, ಮೆಕ್ಕೆಜೋಳದ ಹೊಲಗಳ ಅಂಚಿನಲ್ಲಿ ನಡೆದುಬರುವ ಕಾವಿಯ ಭಿಕ್ಷುಗಳ ಚಿತ್ರ ತೆಗೆದು, ಒಂದು ತಟ್ಟೆ ಮೊಮೊ ತಿಂದು ಮರಳುವುದುಂಟು. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ, ಈ ಕಾಡುಸೀಮೆಗೆ ಬಂದು ನೆಲೆಸಿದ ಜನ ತಮ್ಮೊಡನೆ ಗ್ರಂಥಗಳನ್ನೂ ಬುದ್ಧಮೂರ್ತಿಗಳನ್ನೂ ತಂದರೆಂಬುದನ್ನು ಎಲ್ಲರೂ ಬಲ್ಲರು. ಅವರ ದೇಹ ಹೊತ್ತುತಂದ ಪಿತ್ರಾರ್ಜಿತದ ವೃತ್ತಾಂತವಾದರೋ ಈಚೆಗಷ್ಟೇ ತಿಳಿದುಬಂದದ್ದು.

ಬಯಲುಸೀಮೆಯವರು ಎತ್ತರದ ಪ್ರದೇಶದಲ್ಲಿ ಬಹುಕಾಲ ನಿಂತರೆ, ಪ್ರಾಣವಾಯುವಿನ ಅಭಾವವನ್ನು ತುಂಬಲೆಂದು ಶರೀರವು ಕೆಂಪು ರಕ್ತಕಣಗಳನ್ನು ಮಿತಿಮೀರಿ ಉತ್ಪಾದಿಸಿ, ರಕ್ತ ಗಟ್ಟಿಯಾಗಿ ಹೃದಯಕ್ಕೆ ಹೊರೆಯಾಗುತ್ತದೆ. ಟಿಬೆಟಿಯನ್ನರಲ್ಲಿ ಬಹುಮಂದಿಗೆ ಈ ಬಾಧೆಯಿಲ್ಲದಿರುವುದಕ್ಕೆ ಇಪಿಎಎಸ್1 ಎಂಬ ವಂಶವಾಹಿಯ ವಿಶಿಷ್ಟ ರೂಪ ಕಾರಣವೆಂದು 2010ರಲ್ಲಿಯೂ, ಅದು ಡೆನಿಸೋವನ್ನರೆಂಬ ಲುಪ್ತ ಮಾನವಕುಲದಿಂದ ಬಂದ ಬಳುವಳಿಯೆಂದು 2014ರಲ್ಲಿಯೂ ವಿಜ್ಞಾನಿಗಳು ತೋರಿಸಿದರು. ಆ ಕುಲವನ್ನು ಬೆಳಕಿಗೆ ತಂದ ಸ್ವಾಂಟೆ ಪಾಬೊ ಅವರಿಗೆ 2022ರ ವೈದ್ಯಕೀಯ ನೊಬೆಲ್ ಸಂದಿತು. ಟಿಬೆಟ್ ಪ್ರಸ್ಥಭೂಮಿಯ ಗುಹೆಯೊಂದರಲ್ಲಿ 1980ರಲ್ಲಿ ದೊರೆತು, 2019ರಲ್ಲಿ ಡೆನಿಸೋವನ್ನರದೆಂದು ನಿರ್ಣಯವಾದ ದವಡೆಯೆಲುಬನ್ನು ಮೊದಲು ಕಂಡವನು ಒಬ್ಬ ಬೌದ್ಧಭಿಕ್ಷು.

ವಂಶವಾಹಿಯ ಮಹಿಮೆಯನ್ನು ಕೊಂಡಾಡುವ ನಾವು ಕ್ಷಯರೋಗದ ಮಾತಿಗೆ ಬಂದೊಡನೆ ಮೌನ ತಾಳುತ್ತೇವೆ. ಭಾರತದಲ್ಲಿ ನೆಲೆಸಿದ ಟಿಬೆಟಿಯನ್ನರಲ್ಲಿ ಕ್ಷಯವೂ, ಔಷಧಕ್ಕೆ ಮಣಿಯದ ಕ್ಷಯವೂ ದೇಶದ ಸರಾಸರಿಗಿಂತ ಅಧಿಕವೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಹಿಮಾಲಯದ ತೆಳುಗಾಳಿಯನ್ನು ಗೆದ್ದ ವಂಶವಾಹಿ, ನೆರೆಮಂಚದವನ ಕೆಮ್ಮಿನಿಂದ ಯಾರನ್ನೂ ಕಾಪಾಡಲಾರದು. ಹಗಲು ತೆರೆದ ಅಂಗಳದಲ್ಲಿ ಚಪ್ಪಾಳೆ ತಟ್ಟಿ ತರ್ಕವಾದ ನಡೆಸುವ ಎಳೆಯ ಭಿಕ್ಷುಗಳಿಗೆ ಬಯಲಿನ ಗಾಳಿಯೇ ರಕ್ಷೆ. ರಾತ್ರಿ ಹಲವರು ಒಂದೇ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗಿದಾಗ ಅದೇ ಉಸಿರು ರೋಗದ ವಾಹನವಾಗಬಲ್ಲದು.

ಉಪಾಯಗಳಿಗೆ ಈಗ ಕೊರತೆಯಿಲ್ಲ. ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರೊಡಗೂಡಿ, 2017ರಿಂದ ಟಿಬೆಟನ್ ವಸತಿಶಾಲೆಗಳಿಗೆ ತಾವೇ ಹೋಗಿ ಮಕ್ಕಳನ್ನು ಪರೀಕ್ಷಿಸಿ, ದೇಹದಲ್ಲಿ ಸುಪ್ತವಾಗಿದ್ದ ಸೋಂಕಿಗೂ ಔಷಧವಿತ್ತು ದಾರಿ ತೋರಿದ್ದಾರೆ. ಸುಪ್ತ ಸೋಂಕಿಗೆ ವಾರಕ್ಕೊಮ್ಮೆಯಂತೆ 12 ವಾರಗಳ ಮಾತ್ರೆಯುಂಟು. ಹಿಂದೆ ಹದಿನೆಂಟು ಇಪ್ಪತ್ತು ತಿಂಗಳು ಎಳೆಯುತ್ತಿದ್ದ ಔಷಧನಿರೋಧಕ ಕ್ಷಯದ ಚಿಕಿತ್ಸೆಯನ್ನು ನಾಲ್ಕು ಔಷಧಗಳಿಂದ ಆರು ತಿಂಗಳಲ್ಲಿ ಮುಗಿಸುವ ಕ್ರಮಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ಸಮ್ಮತಿಯಿತ್ತಿದೆ.

ಆದುದರಿಂದ ಉತ್ತರ ಕನ್ನಡ ಜಿಲ್ಲೆಯ ಆರೋಗ್ಯಾಧಿಕಾರಿಗಳೂ ವಿಹಾರಗಳ ಹಿರಿಯರೂ ಒಂದೆಡೆ ಕುಳಿತು, ವರ್ಷಕ್ಕೊಮ್ಮೆಯಾದರೂ ಪ್ರತಿ ವಸತಿಗೃಹದಲ್ಲಿ ಕಫಪರೀಕ್ಷೆ, ಎಕ್ಸ್‌ರೇ ತಪಾಸಣೆಗಳನ್ನು ನಡೆಸಲಿ. ಮಲಗುವ ಕೋಣೆಗಳಿಗೆ ಗಾಳಿಬೆಳಕು ಸಾಲುವಷ್ಟು ಕಿಟಕಿಗಳಿರುವಂತೆ ನೋಡಿಕೊಳ್ಳಲಿ. ಊರಿನ ನಾವು ಕೂಡ ಕ್ಷಯವನ್ನು ‘ಅವರ ರೋಗ’ವೆಂದು ದೂರ ತಳ್ಳಬಾರದು; ಅದೇ ಬಸ್ಸಿನಲ್ಲಿ, ಅದೇ ಸಂತೆಯಲ್ಲಿ ನಾವೂ ಅವರೂ ಉಸಿರಾಡುತ್ತಿದ್ದೇವೆ.