ಕೆರೆ ತೆರೆದಿದೆ, ತೂಬು ಯಾರ ಕೈಲಿದೆ?

1924ರಲ್ಲಿ ಮಹಾಡ್ ಪುರಸಭೆ ಚವದಾರ ಕೆರೆ ಎಲ್ಲರದೂ ಎಂದು ಠರಾವು ಬರೆಯಿತು. ಕಾಗದದಲ್ಲಿ ಕೆರೆ ತೆರೆಯಿತು. ದಲಿತರ ಬೊಗಸೆಗೆ ಹನಿ ನೀರು ಬೀಳಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ನೀರು ಮುಟ್ಟಬೇಕಾಯಿತು. ಅದಕ್ಕೂ ದೊಣ್ಣೆ ಏಟು ಬಿತ್ತು.

ಗೆಳೆಯರೇ, ಇವತ್ತು ಇನ್ನೊಂದು ಕೆರೆಯ ಮಾತು. ಅದರ ಹೆಸರು ಬ್ರೌಸರ್. ನಮ್ಮ ಹುಡುಗರ ಸ್ಕಾಲರ್‌ಶಿಪ್ ಅರ್ಜಿ, ಅಪ್ಪನ ಪಹಣಿ, ಜಾತಿ ಸರ್ಟಿಫಿಕೇಟು ಎಲ್ಲಕ್ಕೂ ಈಗ ಅದೇ ಬಾಗಿಲು. ಆ ಬಾಗಿಲನ್ನು ಹೇಗೆ ಕಟ್ಟಿದ್ದಾರೆ, ಒಳಗೆ ಹೋದವರ ಹೆಜ್ಜೆಯನ್ನು ಯಾರು ಬರಕೊಳ್ತಾರೆ ಅಂತ ಕೇಳುವ ಹಕ್ಕು ನಮಗಿದೆ. ಅದಕ್ಕೇ ಅದರ ಸೋರ್ಸ್ ಕೋಡ್ ತೆರೆದಿರಲೇಬೇಕು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿರಿ ಎಂದು ಧರ್ಮಸೂತ್ರ ಬರೆದ ನೆಲ ಇದು. ಮುಚ್ಚಿಟ್ಟ ವಿದ್ಯೆ ಎಂಥದ್ದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ 'ಓಪನ್ ಸೋರ್ಸ್ ಆಯ್ತಲ್ಲ, ಇನ್ನೇನು ಬೇಕು?' ಅನ್ನುವವರಿದ್ದಾರೆ. ನಮ್ಮ ಜಗಳ ಅವರ ಜೊತೆಗೆ. 1998ರಲ್ಲಿ ನೆಟ್‌ಸ್ಕೇಪ್ ತನ್ನ ಕೋಡನ್ನು ಜನರ ಮುಂದಿಟ್ಟಿತು. ಮೊಜಿಲ್ಲಾ ಹುಟ್ಟಿತು, 2004ರಲ್ಲಿ ಫೈರ್‌ಫಾಕ್ಸ್ ಬಂತು. 2008ರಲ್ಲಿ ಗೂಗಲ್ ಕ್ರೋಮಿಯಂ ತೆರೆಯಿತು. ಎಡ್ಜ್, ಒಪೆರಾ, ಬ್ರೇವ್ ಎಲ್ಲ ಇವತ್ತು ಆ ಕ್ರೋಮಿಯಂ ಕೆರೆಯ ನೀರೇ. ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು. ತೂಬು ಮಾತ್ರ ಗೂಗಲ್ ಕೈಲಿ. 2024ರಿಂದ ಕ್ರೋಮ್ ತನ್ನ ಎಕ್ಸ್‌ಟೆನ್ಷನ್‌ಗಳ ಹಳೆಯ ನಿಯಮ ಕಿತ್ತುಹಾಕುತ್ತಾ ಬಂತು. ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಅಲ್ಲಿ ನಿಂತುಹೋಯಿತು. ಕ್ರೋಮಿಯಂ ಕೋಡು ತೆರೆದೇ ಇತ್ತಲ್ಲ, ಯಾರಿಗೆ ತಡೆಯಲು ಆಯ್ತು? ಜಾಹೀರಾತಿನ ದುಡ್ಡಲ್ಲಿ ಬದುಕುವವನು ಜಾಹೀರಾತಿಗೆ ಅಡ್ಡ ನಿಲ್ತಾನೆಯೇ?

ಎದುರಾಳಿಯ ಗತಿ ನೋಡಿ. ಹುಡುಕಾಟದಲ್ಲಿ ತಾನೇ ಮೊದಲಿರಲೆಂದು ಗೂಗಲ್ ಬ್ರೌಸರ್‌ಗಳಿಗೆ ದುಡ್ಡು ಸುರಿಯುತ್ತದೆ. ಸಫಾರಿಗಾಗಿ ಆಪಲ್‌ಗೆ 2022ರ ಒಂದೇ ವರ್ಷ 2,000 ಕೋಟಿ ಡಾಲರ್ ಕೊಟ್ಟಿತೆಂದು ಅಮೆರಿಕದ ಕೋರ್ಟಿನಲ್ಲಿ ಹೊರಬಿತ್ತು. ಫೈರ್‌ಫಾಕ್ಸ್ ಆದಾಯದಲ್ಲಿ ಸುಮಾರು ಶೇ. 85 ಗೂಗಲ್‌ನದೇ ಎಂದು 2025ರಲ್ಲಿ ಮೊಜಿಲ್ಲಾದ ಹಣಕಾಸು ಮುಖ್ಯಸ್ಥರೇ ಅಲ್ಲಿ ಸಾಕ್ಷಿ ಹೇಳಿದರು. ಹುಡುಕಾಟದಲ್ಲಿ ಗೂಗಲ್ ನಡೆಸಿದ್ದು ಕಾನೂನುಬಾಹಿರ ಏಕಸ್ವಾಮ್ಯ ಎಂದು 2024ರಲ್ಲಿ ತೀರ್ಪಿತ್ತ ಅದೇ ಕೋರ್ಟು, 2025ರಲ್ಲಿ ಈ ಪಾವತಿಯನ್ನು ಪೂರ್ತಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಪಡೆಯುವವರಿಗೇ ನಷ್ಟ ಅಂತ ಒಂದು ಕಾರಣ. ಧಣಿ ಕಾಳು ನಿಲ್ಲಿಸಿದರೆ ಆಳು ಉಪವಾಸ! ಈ ಲೆಕ್ಕ ನಮಗೆ ಹೊಸದಲ್ಲ. ಇದಕ್ಕೆ ನಮ್ಮ ಕೇರಿಯಲ್ಲಿ ಜೀತ ಅಂತಾರೆ.

ನಮ್ಮ ಸರ್ಕಾರ? 2023ರಲ್ಲಿ ಸ್ವದೇಶಿ ಬ್ರೌಸರಿಗೆ ಸ್ಪರ್ಧೆ ಸಾರಿತು. 2025ರಲ್ಲಿ ಗೆದ್ದ ಜೋಹೋ ಕಂಪನಿಗೆ ಒಂದು ಕೋಟಿ ಬಹುಮಾನ. ಅದರ ಉಲಾ ಬ್ರೌಸರ್ ನಿಂತಿರುವುದೂ ಕ್ರೋಮಿಯಂ ಮೇಲೆಯೇ. ಬಹುಮಾನ ಒಂದು ದಿನದ ಜಾತ್ರೆ. ಕೆರೆಗೆ ವರ್ಷ ವರ್ಷ ಹೂಳೆತ್ತುವ ಕೂಲಿ ಬೇಕು.

ಆ ಕೂಲಿ ಧಣಿಯ ಕೃಪೆಯಾಗಬಾರದು, ಸಾರ್ವಜನಿಕ ಹಣವಾಗಬೇಕು. ತೆರೆದ ಕೋಡನ್ನು ಕಾಪಾಡಲು ಜರ್ಮನಿ 2022ರಲ್ಲೇ ಸರ್ಕಾರಿ ನಿಧಿ ತೆಗೆದಿದೆ. ರಸ್ತೆಗೆ, ಲೈಬ್ರರಿಗೆ ತೆರಿಗೆ ಹಣ ಕೊಡುವ ನಾಡು ಇದಕ್ಕೆ ಯಾಕೆ ಕೊಡಬಾರದು? ಹಣ ಜನರದಾದರೆ ತೀರ್ಮಾನದಲ್ಲೂ ಜನರಿರಬೇಕು. ಮೇಷ್ಟ್ರುಗಳೇ, ಮಕ್ಕಳಿಗೆ ಬ್ರೌಸರ್ ಒತ್ತುವುದನ್ನಷ್ಟೇ ಕಲಿಸಬೇಡಿ. ಅದರ ಕೋಡು ಓದುವುದನ್ನೂ, ತಿದ್ದುವುದನ್ನೂ ಕಲಿಸಿ.

ಠರಾವು ಆಗಿದೆ. ಇನ್ನು ಕೆರೆಯವರೆಗೆ ನಡೆಯಬೇಕು, ತೂಬಿಗೆ ಕೈ ಹಾಕಬೇಕು.