‘ಸಿನ್ಸ್’ ಕಂಡ ಕೂಡಲೇ ‘ಬೀನ್’ ಹಾಕಿಸುವ ಪಾಠ ಸಾಕು

ಹೈಸ್ಕೂಲಿನ ಇಂಗ್ಲಿಷ್ ತರಗತಿಯಲ್ಲಿ ಹನ್ನೆರಡು ಟೆನ್ಸುಗಳ ಪಟ್ಟಿ ಬೋರ್ಡಿನ ಮೇಲೆ ಬಂತೆಂದರೆ ಅದರ ಜೊತೆಗೇ ಒಂದು ಸೂತ್ರವೂ ಬರುತ್ತದೆ. ವಾಕ್ಯದಲ್ಲಿ ‘ಸಿನ್ಸ್’ ಅಥವಾ ‘ಫಾರ್’ ಕಂಡರೆ ‘ಹ್ಯಾಸ್ ಬೀನ್’ ಇಲ್ಲವೇ ‘ಹ್ಯಾವ್ ಬೀನ್’ ಹಾಕು, ಕ್ರಿಯಾಪದಕ್ಕೆ ‘ಇಂಗ್’ ಸೇರಿಸು. ಗೈಡುಗಳಲ್ಲಿ, ಟ್ಯೂಷನ್ ನೋಟ್ಸುಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ ಪುಸ್ತಕಗಳಲ್ಲಿ ಸಿಗುವುದೂ ಇದೇ. ಈ ಸೂತ್ರವನ್ನು ಬಾಯಿಪಾಠ ಮಾಡಿಕೊಂಡ ಹುಡುಗಿಯ ಮುಂದೆ ಬಿಟ್ಟ ಸ್ಥಳ ತುಂಬುವ ಒಂದು ಪ್ರಶ್ನೆ ಇಡೋಣ: ‘ಷಿ — ತ್ರೀ ಲೆಟರ್ಸ್ ಸಿನ್ಸ್ ಮಾರ್ನಿಂಗ್’. ಸೂತ್ರ ನಂಬಿದವಳು ‘ಹ್ಯಾಸ್ ಬೀನ್ ರೈಟಿಂಗ್’ ಎಂದು ಬರೆಯುತ್ತಾಳೆ, ಅದು ತಪ್ಪಾಗುತ್ತದೆ. ಇಲ್ಲಿ ಬರಬೇಕಾದದ್ದು ‘ಹ್ಯಾಸ್ ರಿಟನ್’. ಅದೇ ವಾಕ್ಯದಿಂದ ‘ತ್ರೀ’ ತೆಗೆದು ನೋಡಿ. ಈಗ ‘ಹ್ಯಾಸ್ ಬೀನ್ ರೈಟಿಂಗ್ ಲೆಟರ್ಸ್ ಸಿನ್ಸ್ ಮಾರ್ನಿಂಗ್’ ಎಂಬುದೇ ಸಹಜ. ‘ಸಿನ್ಸ್ ಮಾರ್ನಿಂಗ್’ ಎರಡರಲ್ಲೂ ಇದ್ದಲ್ಲೇ ಇದೆ, ಉತ್ತರ ಮಾತ್ರ ಬದಲಾಯಿತು. ಅಂದಮೇಲೆ ಉತ್ತರವನ್ನು ತೀರ್ಮಾನಿಸುವುದು ‘ಸಿನ್ಸ್’ ಅಲ್ಲ. ಲಕ್ಷಾಂತರ ಮಕ್ಕಳಿಗೆ ವ್ಯಾಕರಣದ ನಿಯಮವೆಂದು ಕಲಿಸುತ್ತಿರುವ ಈ ಸೂತ್ರವನ್ನು ಪಾಠದಿಂದ ತೆಗೆದುಹಾಕಬೇಕು, ಅದರ ಜಾಗದಲ್ಲಿ ಅರ್ಥದ ವ್ಯತ್ಯಾಸವನ್ನು ಕಲಿಸಬೇಕು, ಕಲಿಸುವ ಕೆಲಸವನ್ನು ಕನ್ನಡದಿಂದಲೇ ಶುರುಮಾಡಬೇಕು ಎಂಬುದು ನನ್ನ ವಾದ.

ಕನ್ನಡದಿಂದ ಏಕೆ ಎಂದರೆ, ಈ ವ್ಯತ್ಯಾಸ ಆ ಹುಡುಗಿಗೆ ಆಗಲೇ ಗೊತ್ತಿದೆ. ‘ಬೆಳಗಿನಿಂದ ಮೂರು ಪತ್ರ ಬರೆದಿದ್ದೇನೆ’ ಎಂದು ಹೇಳುವವಳು ಮುಗಿದ ಕೆಲಸದ ಲೆಕ್ಕ ಕೊಡುತ್ತಿದ್ದಾಳೆ. ‘ಬೆಳಗಿನಿಂದ ಪತ್ರ ಬರೀತಾ ಇದ್ದೇನೆ’ ಎಂದಾಗ ಹೊತ್ತು ಹೇಗೆ ಹೋಯಿತು ಎಂಬುದನ್ನು ಹೇಳುತ್ತಿದ್ದಾಳೆ, ಎಷ್ಟು ಪತ್ರ ಮುಗಿಯಿತು ಎಂಬುದು ಅಲ್ಲಿ ಮುಖ್ಯವೇ ಅಲ್ಲ. ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್ ನಡುವಿನ ಗೆರೆ ಬಹುಪಾಲು ಇಲ್ಲೇ ಹಾದುಹೋಗುತ್ತದೆ: ಒಂದು ಫಲದ ಕಡೆ ನೋಡುತ್ತದೆ, ಇನ್ನೊಂದು ನಡೆಯುತ್ತಿರುವ ಕ್ರಿಯೆಯ ಕಡೆ. ಇಲ್ಲ ಎನ್ನುವ ವಾಕ್ಯಗಳಲ್ಲಿ ಈ ಹೋಲಿಕೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಡಾಕ್ಟರ ಎದುರು ಕೂತವರು ‘ಮೂರು ದಿನದಿಂದ ಊಟ ಮಾಡಿಲ್ಲ’ ಎಂದರೆ ಒಂದು ತುತ್ತೂ ಒಳಗೆ ಹೋಗಿಲ್ಲ ಎಂದರ್ಥ. ‘ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಾ ಇಲ್ಲ’ ಎಂದರೆ ಅಷ್ಟಿಷ್ಟು ಹೋಗುತ್ತಿದೆ, ಆದರೆ ಮೊದಲಿನಂತಿಲ್ಲ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಸ್ ನಾಟ್ ಈಟನ್ ಫಾರ್ ತ್ರೀ ಡೇಸ್’, ಎರಡನೆಯದಕ್ಕೆ ‘ಹ್ಯಾಸ್ ನಾಟ್ ಬೀನ್ ಈಟಿಂಗ್ ವೆಲ್’. ರೋಗಿಗೆ ಡ್ರಿಪ್ ಏರಿಸಬೇಕೋ ಬೇಡವೋ ಎನ್ನುವಷ್ಟು ದೊಡ್ಡ ಅಂತರ ಇದು. ‘ಫಾರ್’ ಕಂಡ ಕೂಡಲೇ ‘ಬೀನ್’ ಹಾಕುವ ಸೂತ್ರ ಇವೆರಡನ್ನೂ ಒಂದೇ ಮಾಡಿಬಿಡುತ್ತದೆ. ಕನ್ನಡದಲ್ಲಿ ಇಷ್ಟು ನಿಖರವಾಗಿ ಮಾತಾಡುವವರನ್ನು ಇಂಗ್ಲಿಷಿನಲ್ಲಿ ನಾವೇ ತೊದಲುವಂತೆ ಮಾಡುತ್ತಿದ್ದೇವೆ.

ಸೂತ್ರದ ಎರಡನೇ ದೋಷ ಕ್ರಿಯಾಪದದ ಸ್ವಭಾವವನ್ನು ಮರೆಸುವುದು. ‘ಐ ಹ್ಯಾವ್ ಬೀನ್ ನೋಯಿಂಗ್ ಹಿಮ್ ಫಾರ್ ಟೆನ್ ಇಯರ್ಸ್’ ಎಂಬ ವಾಕ್ಯ ಸೂತ್ರದ ಪ್ರಕಾರ ನೂರಕ್ಕೆ ನೂರು ಸರಿ, ಇಂಗ್ಲಿಷಿನ ಪ್ರಕಾರ ಪೂರ್ತಿ ತಪ್ಪು. ತಿಳಿದಿರುವುದು ನಡೆಯುತ್ತಾ ಹೋಗುವ ಕೆಲಸವಲ್ಲ, ಅದೊಂದು ಸ್ಥಿತಿ. ಅದಕ್ಕೇ ‘ಹ್ಯಾವ್ ನೋನ್’. ತತ್ವಜ್ಞಾನಿ ಜೀನೋ ವೆಂಡ್ಲರ್ 1957ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಕ್ರಿಯಾಪದಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ: ತಿಳಿದಿರುವಂಥ ಸ್ಥಿತಿಗಳು, ಓಡುವಂಥ ಚಟುವಟಿಕೆಗಳು, ಮನೆ ಕಟ್ಟುವಂಥ ಕೊನೆಯುಳ್ಳ ಕೆಲಸಗಳು, ತಲುಪುವಂಥ ಒಂದೇ ಕ್ಷಣದ ಘಟನೆಗಳು. ಕ್ರಿಯೆ ಕಾಲದಲ್ಲಿ ಹೇಗೆ ಹರಡಿಕೊಂಡಿರುತ್ತದೆ ಎಂಬ ಚರ್ಚೆಗೆ ಭಾಷಾವಿಜ್ಞಾನಿಗಳು ಇಂದಿಗೂ ಈ ವಿಂಗಡಣೆಯಿಂದಲೇ ಹೊರಡುತ್ತಾರೆ. ‘ಹ್ಯಾವ್ ಬೀನ್ ರನ್ನಿಂಗ್’ ಸಲೀಸಾಗಿ ಬರುವುದು, ‘ಹ್ಯಾವ್ ಬೀನ್ ನೋಯಿಂಗ್’ ಬಾರದಿರುವುದು, ಒಂದೇ ರೈಲಿನ ಬಗ್ಗೆ ‘ದಿ ಟ್ರೇನ್ ಹ್ಯಾಸ್ ಅರೈವ್ಡ್’ ಎನ್ನಬಹುದಾದರೂ ‘ಹ್ಯಾಸ್ ಬೀನ್ ಅರೈವಿಂಗ್’ ಎಂದರೆ ವಿಚಿತ್ರವಾಗುವುದು, ಇವೆಲ್ಲಕ್ಕೂ ಕಾರಣ ಆ ಸ್ವಭಾವವೇ. ಇದನ್ನು ಒಂಬತ್ತನೇ ತರಗತಿಗೆ ಹೇಳಲು ವೆಂಡ್ಲರನ ಹೆಸರೂ ಬೇಕಾಗಿಲ್ಲ. ಕನ್ನಡದ ‘ಗೊತ್ತು’ ಸಾಕು. ‘ಅವರು ನನಗೆ ಹತ್ತು ವರ್ಷದಿಂದ ಗೊತ್ತು’ ಎನ್ನುತ್ತೇವೆಯೇ ಹೊರತು ಆ ಅರ್ಥದಲ್ಲಿ ‘ಗೊತ್ತಾಗುತ್ತಿದ್ದಾರೆ’ ಎಂದು ಯಾವ ಮಗುವೂ ಹೇಳುವುದಿಲ್ಲ. ‘ಗೊತ್ತು’, ‘ಬೇಕು’, ‘ಸಾಕು’, ‘ಇಷ್ಟ’ ಇವು ‘ಉತ್ತಾ ಇದೆ’ ಎಂಬ ರೂಪವನ್ನು ತಾವಾಗಿ ಹತ್ತಿರ ಸೇರಿಸುವುದಿಲ್ಲ. ಇಂಗ್ಲಿಷಿನ ‘ನೋ’, ‘ಲೈಕ್’, ‘ಬಿಲಾಂಗ್’, ‘ಅಂಡರ್‌ಸ್ಟ್ಯಾಂಡ್’ ಮುಂತಾದವು ‘ಇಂಗ್’ ಒಲ್ಲೆ ಎನ್ನುವುದನ್ನು ಈ ಮೂಲಕ ತೋರಿಸಿದರೆ ಅಪವಾದಗಳ ಉದ್ದ ಪಟ್ಟಿ ಕಂಠಪಾಠ ಮಾಡುವ ಕಷ್ಟ ಬಹಳಷ್ಟು ಇಳಿಯುತ್ತದೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಕನ್ನಡವನ್ನು ನಂಬಿ ಹೊರಟರೆ ಹೊಸ ತಪ್ಪುಗಳು ಬರುವುದಿಲ್ಲವೇ? ಬರುತ್ತವೆ. ‘2010ರಿಂದ ಮೈಸೂರಿನಲ್ಲಿ ವಾಸವಾಗಿದ್ದೇನೆ’ ಎನ್ನುವಾಗ ನಾವು ಬಳಸುವುದು ಈಗಿನ ಸ್ಥಿತಿಯನ್ನು ಹೇಳುವ ರೂಪ, ‘ವಾಸಿಸುತ್ತಿದ್ದೇನೆ’ ಎಂದರೂ ಅಷ್ಟೇ. ಅದನ್ನೇ ಇಂಗ್ಲಿಷಿಗೆ ಇಳಿಸಿದಾಗ ‘ಐ ಆಮ್ ಲಿವಿಂಗ್ ಇನ್ ಮೈಸೂರು ಸಿನ್ಸ್ 2010’ ಹುಟ್ಟುತ್ತದೆ. ಇದು ಕನ್ನಡಿಗರೊಬ್ಬರದೇ ತಪ್ಪಲ್ಲ. ಜರ್ಮನ್, ಫ್ರೆಂಚ್ ಭಾಷೆಗಳೂ ಇಂಥಲ್ಲಿ ವರ್ತಮಾನವನ್ನೇ ಬಳಸುವುದರಿಂದ ಅವರೂ ಇಂಗ್ಲಿಷ್ ಕಲಿಯುವಾಗ ಇದೇ ಕಡೆ ಎಡವುತ್ತಾರೆ. ಇನ್ನೊಂದು ಕಡೆ ಕನ್ನಡ ಪೂರ್ತಿ ಉಲ್ಟಾ ಹೋಗುತ್ತದೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದಾಗ ಅಂಗಳ ಒದ್ದೆಯಾಗಿದೆ, ಮಳೆ ನಿಂತಿದೆ. ನಾವು ‘ಮಳೆ ಬಂದಿದೆ’ ಎನ್ನುತ್ತೇವೆ, ಇಂಗ್ಲಿಷಿನವರು ‘ಇಟ್ ಹ್ಯಾಸ್ ಬೀನ್ ರೇನಿಂಗ್’ ಎನ್ನುತ್ತಾರೆ. ಕೆಂಪಾದ ಕಣ್ಣು ನೋಡಿ ‘ಅತ್ತಿದ್ದೀಯಾ?’ ಎಂದು ನಾವು ಕೇಳಿದರೆ ಅವರು ‘ಹ್ಯಾವ್ ಯೂ ಬೀನ್ ಕ್ರೈಯಿಂಗ್?’ ಎಂದು ಕೇಳುತ್ತಾರೆ. ಈಗಷ್ಟೇ ನಿಂತ ಕ್ರಿಯೆ ತನ್ನ ಗುರುತನ್ನು ಕಣ್ಣೆದುರು ಬಿಟ್ಟುಹೋದಾಗ ಇಂಗ್ಲಿಷ್ ಕಂಟಿನ್ಯೂಯಸ್ ರೂಪ ಹಿಡಿಯುತ್ತದೆ. ಸೂತ್ರವಾದರೂ ಇಲ್ಲಿ ನೆರವಿಗೆ ಬರುತ್ತದೆಯೇ? ಬರುವುದಿಲ್ಲ, ಏಕೆಂದರೆ ಈ ವಾಕ್ಯಗಳಲ್ಲಿ ‘ಸಿನ್ಸ್’ ಕೂಡ ಇಲ್ಲ, ‘ಫಾರ್’ ಕೂಡ ಇಲ್ಲ. ಡಿ.ಎನ್. ಶಂಕರ ಭಟ್ಟರು 1999ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಭಾಷೆಗಳು ಕಾಲ, ಕ್ರಿಯೆಯ ಸ್ವರೂಪ, ಮಾತಾಡುವವರ ನಿಲುವು ಎಂಬ ಮೂರರಲ್ಲಿ ಯಾವುದಾದರೊಂದಕ್ಕೆ ಹೆಚ್ಚು ಒತ್ತು ಕೊಡುತ್ತವೆ ಎಂದು ವಾದಿಸಿದ್ದಾರೆ. ಎರಡು ಭಾಷೆಗಳ ರೂಪಗಳು ಒಂದಕ್ಕೊಂದು ಪೂರ್ತಿ ಹೊಂದಿಕೊಳ್ಳುತ್ತವೆ ಎಂದು ನಿರೀಕ್ಷಿಸುವುದೇ ಸರಿಯಲ್ಲ. ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಎದುರುಬದುರು ಇಟ್ಟು ತೋರಿಸುವುದೇ ನಾನು ಹೇಳುತ್ತಿರುವ ಪಾಠ. ಕನ್ನಡವನ್ನು ತರಗತಿಯ ಹೊರಗೆ ನಿಲ್ಲಿಸಿದರೆ ಅದು ಮಗುವಿನ ತಲೆಯಿಂದ ಹೊರಗೆ ಹೋಗುವುದಿಲ್ಲ, ಯಾರ ಗಮನಕ್ಕೂ ಬಾರದೆ ವಾಕ್ಯ ಕಟ್ಟುವ ಕೆಲಸ ಮಾಡುತ್ತಲೇ ಇರುತ್ತದೆ.

ಇಷ್ಟೊಂದು ತಲೆ ಕೆಡಿಸಿಕೊಳ್ಳುವಷ್ಟು ಈ ರೂಪ ಬಳಕೆಯಲ್ಲಿದೆಯೇ ಎಂದೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮಾತು ಮತ್ತು ಬರಹದ ದೊಡ್ಡ ಸಂಗ್ರಹಗಳನ್ನು ಆಧರಿಸಿ 1999ರಲ್ಲಿ ಬಂದ ಲಾಂಗ್‌ಮನ್ ವ್ಯಾಕರಣದ ಪ್ರಕಾರ ‘ಹ್ಯಾವ್ ಬೀನ್’ ಜೊತೆ ‘ಇಂಗ್’ ಬರುವ ರೂಪಗಳು ಇಂಗ್ಲಿಷಿನ ಒಟ್ಟು ಕ್ರಿಯಾರೂಪಗಳಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ‘ಹ್ಯಾವ್ ರಿಟನ್’ನಂಥ ಸರಳ ರೂಪ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಈ ಅಂಕಿ ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಇಷ್ಟು ಅಪರೂಪದ ರೂಪವನ್ನು ‘ಸಿನ್ಸ್’ ಕಂಡಲ್ಲೆಲ್ಲ ತುರುಕುವ ಅಭ್ಯಾಸ ಮಾಡಿಸಿದರೆ ಮಕ್ಕಳ ಇಂಗ್ಲಿಷ್ ಯಾರೂ ಆಡದ ಇಂಗ್ಲಿಷ್ ಆಗುತ್ತದೆ. ಸಂದೇಹವಿದ್ದಲ್ಲಿ ಸರಳ ರೂಪ ಹಿಡಿದರೆ ಹೆಚ್ಚಿನ ಸಲ ತಪ್ಪಾಗುವುದಿಲ್ಲ ಎಂಬ ಮಾತನ್ನಾದರೂ ನಾವು ಅವರಿಗೆ ಹೇಳಬೇಕಿತ್ತು. ಹೇಳಿಕೊಟ್ಟಿದ್ದು ಅದಕ್ಕೆ ತದ್ವಿರುದ್ಧವಾದದ್ದು.

ಇನ್ನು ಭಾರತೀಯ ಇಂಗ್ಲಿಷಿನ ವಾದ. ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್’ ಎಂದರೆ ಈ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಲಂಡನ್ನಿನ ಅಳತೆಗೋಲು ನಮಗೇಕೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ನಮ್ಮ ಇಂಗ್ಲಿಷಿಗೆ ನಮ್ಮದೇ ಚಹರೆ ಇರುವುದರಲ್ಲಿ ಅವಮಾನವೇನಿಲ್ಲ. ಅಮೆರಿಕದವರೂ ಬ್ರಿಟಿಷರು ‘ಹ್ಯಾವ್ ಈಟನ್’ ಎನ್ನುವ ಎಷ್ಟೋ ಕಡೆ ‘ಏಟ್’ ಎಂದು ಮುಗಿಸುತ್ತಾರೆ. ಆದರೆ ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. ‘ಆಮ್ ಲಿವಿಂಗ್ ಸಿನ್ಸ್’ ಎಂದಾಗ ಅರ್ಥ ಕೆಡುವುದಿಲ್ಲ, ಕೇಳಿದವರಿಗೆ ವಿಷಯ ತಲುಪಿತು. ಅದನ್ನು ಅಷ್ಟು ಕಟುವಾಗಿ ಕೆಂಪು ಶಾಯಿಯಲ್ಲಿ ಹೊಡೆಯುವ ಅಗತ್ಯವಿಲ್ಲ. ಫಲ ಮತ್ತು ಕ್ರಿಯೆಯ ನಡುವಿನ ಆಯ್ಕೆ ತಪ್ಪಿದಾಗ ವಿಷಯವೇ ಬೇರೆಯಾಗುತ್ತದೆ. ವಿದೇಶದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕನ್ನಡದ ನರ್ಸ್ ಒಬ್ಬರು ಪಾಳಿ ಬದಲಾಗುವಾಗ ಮುಂದಿನವರಿಗೆ ವಿವರ ಒಪ್ಪಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ‘ಷಿ ಹ್ಯಾಸ್ ಟೇಕನ್ ದಿ ಟ್ಯಾಬ್ಲೆಟ್ಸ್’ ಎಂದರೆ ಈ ಹೊತ್ತಿನ ಮಾತ್ರೆ ನುಂಗಿ ಆಗಿದೆ, ಇನ್ನು ಕೊಡಬೇಕಾಗಿಲ್ಲ. ‘ಷಿ ಹ್ಯಾಸ್ ಬೀನ್ ಟೇಕಿಂಗ್ ದಿ ಟ್ಯಾಬ್ಲೆಟ್ಸ್’ ಎಂದರೆ ಕೆಲವು ದಿನಗಳಿಂದ ಮಾತ್ರೆ ನಡೆಯುತ್ತಿದೆ, ಈ ಹೊತ್ತಿನದು ಕೊಟ್ಟಾಯಿತೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯ ಬೆಳಗಿನ ಮೀಟಿಂಗಿನಲ್ಲಿ ‘ಹ್ಯಾವ್ ಫಿಕ್ಸ್ಡ್’ ಎನ್ನುವವರು ಕೆಲಸ ಮುಗಿಸಿದ್ದಾರೆ, ‘ಹ್ಯಾವ್ ಬೀನ್ ಫಿಕ್ಸಿಂಗ್’ ಎನ್ನುವವರದು ಇನ್ನೂ ಬಾಕಿ ಇರಬಹುದು, ಗ್ರಾಹಕರಿಗೆ ಹೋಗುವ ಉತ್ತರ ಅದರ ಮೇಲೆ ನಿಂತಿರುತ್ತದೆ. ಇಲ್ಲಿ ನಾನು ಕೇಳುತ್ತಿರುವುದು ಬ್ರಿಟಿಷ್ ಠೀವಿಯಲ್ಲ, ಹೇಳಬೇಕೆಂದುಕೊಂಡದ್ದನ್ನೇ ಹೇಳುವ ಶಕ್ತಿ. ಅದು ಮಂಡ್ಯದ ಸರ್ಕಾರಿ ಶಾಲೆಯ ಮಗುವಿಗೂ ಸಲ್ಲಬೇಕಾದ ಹಕ್ಕು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಂದರೆ ಇಂಗ್ಲಿಷ್ ಕಿವಿಗೆ ಬೀಳುವುದೇ ಕಡಿಮೆಯಾಗುತ್ತದೆ ಎಂಬುದು ಕೊನೆಯ ಆತಂಕ. ಪೀರಿಯಡ್ ಪೂರ್ತಿ ಅನುವಾದದಲ್ಲೇ ಕಳೆದುಹೋಗುವ ತರಗತಿಗಳು ಇರುವುದರಿಂದ ಈ ಆತಂಕವನ್ನು ಲಘುವಾಗಿ ತಳ್ಳಿಹಾಕಲು ಬಾರದು. ಆದರೆ ನಾನು ಹೇಳುವುದು ಹತ್ತು ನಿಮಿಷದ ಮಾತು: ಒಂದು ಸಂದರ್ಭ, ಎರಡು ಕನ್ನಡ ವಾಕ್ಯ, ಅವುಗಳ ಅರ್ಥದ ಅಂತರ, ಆಮೇಲೆ ಇಂಗ್ಲಿಷ್. ಮಕ್ಕಳ ಮನೆಮಾತನ್ನು, ಹಲವು ಭಾಷೆಗಳ ಅರಿವನ್ನು ತರಗತಿಯ ಬಂಡವಾಳವಾಗಿ ನೋಡಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಗಲೇ ಹೇಳಿದೆ. ಅದಕ್ಕಿಂತ ಮುಂಚೆ ನಮ್ಮ ನೆಲದಲ್ಲೇ ಇನ್ನೊಂದು ದೊಡ್ಡ ಪ್ರಯತ್ನ ನಡೆದಿತ್ತು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಪಂಚದ ಭಾಷಾಶಿಕ್ಷಕರಿಗೆ ಪರಿಚಿತವಾದ ಪ್ರಯೋಗದಲ್ಲಿ ವ್ಯಾಕರಣದ ಸೂತ್ರ ಹೇಳಿಕೊಡುವ ಬದಲು ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು ಮಕ್ಕಳಿಂದ ಲೆಕ್ಕಾಚಾರ ಮಾಡಿಸಿದರು. ಅರ್ಥದ ಕಡೆ ಮನಸ್ಸು ತೊಡಗಿದ್ದಾಗ ವ್ಯಾಕರಣ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಆ ವಿಚಾರ ಇಲ್ಲಿಂದ ಹೊರಟು ಬೇರೆ ಬೇರೆ ದೇಶಗಳ ತರಗತಿಗಳನ್ನು ತಲುಪಿತು. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಮಾತ್ರ ಬಿಟ್ಟ ಸ್ಥಳ ಇನ್ನೂ ಹಾಗೇ ಉಳಿದಿದೆ.

ಪ್ರಶ್ನೆಪತ್ರಿಕೆ ಬದಲಾಗದೆ ತರಗತಿ ಬದಲಾಗುವುದಿಲ್ಲ, ಅಂಕ ಎಲ್ಲಿದೆಯೋ ಪಾಠ ಅಲ್ಲೇ ನಿಲ್ಲುತ್ತದೆ. ಒಂದೇ ಒಂದು ಒಂಟಿ ವಾಕ್ಯ ಕೊಟ್ಟು ಟೆನ್ಸ್ ತುಂಬಿಸುವ ಪ್ರಶ್ನೆಯನ್ನು ಕೈಬಿಟ್ಟು ನಾಲ್ಕು ಸಾಲಿನ ಸಂದರ್ಭ ಕೊಡಲಿ: ಯಾರು, ಯಾರಿಗೆ, ಏನನ್ನು ನೋಡಿ ಹೇಳುತ್ತಿದ್ದಾರೆ ಎಂಬುದು ಅದರಲ್ಲಿರಲಿ. ಕೈಗೆ ಬಣ್ಣ ಮೆತ್ತಿಕೊಂಡು ಬಾಗಿಲು ತೆರೆದವನು ‘ಐ ಹ್ಯಾವ್ ಬೀನ್ ಪೇಂಟಿಂಗ್’ ಎನ್ನಲಿ, ಒಣಗಿದ ಗೋಡೆ ತೋರಿಸುವವನು ‘ಐ ಹ್ಯಾವ್ ಪೇಂಟೆಡ್ ದಿ ವಾಲ್’ ಎನ್ನಲಿ, ಯಾವುದು ಏಕೆ ಎಂದು ಮಗು ಒಂದು ಸಾಲಿನಲ್ಲಿ ಕಾರಣ ಬರೆಯಲಿ, ಕನ್ನಡದಲ್ಲಿ ಬರೆದರೂ ಅಂಕ ಸಿಗಲಿ. ‘ಲಿವ್’, ‘ವರ್ಕ್’ ತರಹದ ಕ್ರಿಯಾಪದಗಳಲ್ಲಿ ‘ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’, ‘ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’ ಎರಡೂ ಸರಿ. ಕಂಟಿನ್ಯೂಯಸ್‌ನಲ್ಲಿ ತಾತ್ಕಾಲಿಕ ಎಂಬ ಛಾಯೆ ತುಸು ಇರಬಹುದು, ಅಷ್ಟೇ. ಇಂಥಲ್ಲಿ ಸರಳ ರೂಪ ಬರೆದ ಮಗುವಿನ ಉತ್ತರವನ್ನು ‘ಫಾರ್’ ಇದೆ ಎಂಬ ಒಂದೇ ಕಾರಣಕ್ಕೆ ತಪ್ಪೆಂದು ಹೊಡೆದುಹಾಕುವುದು ಮೌಲ್ಯಮಾಪಕರ ತಪ್ಪು. ಎರಡಕ್ಕೂ ಪೂರ್ಣ ಅಂಕ ಕೊಡಬೇಕು ಎಂಬ ಸೂಚನೆ ಮಾದರಿ ಉತ್ತರಗಳಲ್ಲೇ ಅಚ್ಚಾಗಬೇಕು.